ಮರಳುಗಾಡಿನ ಕತೆಯ ಕೊನೆಯ ಪುಸ್ತಕ: ಕೊಡಗಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್ವಿನ್ ಹ್ಯಾಮಿಲ್ಟನ್ ಅವರ ಮರಳುಗಾಡಿನ ಮೂರು ಕಾದಂಬರಿಗಳು ನಮ್ಮ ಓದುವ ಬಳಗದಲ್ಲಿ ಕೈಯಿಂದ ಕೈಗೆ ಓಡಾಡುತ್ತಿವೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ಹುಡುಗ ಹುಡುಗಿಯರು ಓದುತ್ತಿದ್ದಾರೆ. ಅವರ ಅಮ್ಮಂದಿರೂ ಓದುತ್ತಿದ್ದಾರೆ, ಒಬ್ಬಿಬ್ಬರು ಅಜ್ಜಂದಿರೂ ಇದ್ದಾರೆ. ಪುಸ್ತಕ ವಾಪಸ್ ಕೊಡುವಾಗ, ಫೋನಿನಲ್ಲಿ, ಕೆಲವೊಮ್ಮೆ ಪುಟಗಳ ನಡುವೆ ಚೀಟಿ ಇಟ್ಟು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಮೊದಲ ಭಾಗವನ್ನು ಯಾರು ಬೇಕಾದರೂ ಓದಬಹುದು, ಡೆಮ್ಜಿ ಬಗ್ಗೆ ಕೇಳಿದ ಪ್ರಶ್ನೆಯಲ್ಲಿ ಮಾತ್ರ ಮೊದಲ ಪುಸ್ತಕದ ಒಂದು ಗುಟ್ಟಿದೆ. ಎರಡನೇ ಭಾಗದಿಂದ ಮುಂದೆ ಮೊದಲೆರಡು ಪುಸ್ತಕಗಳ ಗುಟ್ಟು ಬಿಟ್ಟುಕೊಟ್ಟಿದ್ದೇನೆ. ಮೂರನೆಯದರಲ್ಲಿ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅನ್ನುವುದನ್ನು ಮಾತ್ರ ಎಲ್ಲೂ ಹೇಳಿಲ್ಲ.

## ಶುರು ಮಾಡುವವರಿಗೆ

ನನ್ನ ಕೈಗೆ ಮೂರನೇ ಪುಸ್ತಕನೇ ಸಿಕ್ಕಿದ್ದು. ಸೀದಾ ಅದನ್ನೇ ಓದಿದ್ರೆ ಆಗಲ್ವಾ?

ಬೇಡ. ಇವು ಮೂರು ಬೇರೆ ಬೇರೆ ಕತೆಗಳಲ್ಲ, ಒಂದೇ ಕತೆಯ ಮೂರು ತುಂಡು. 'ರೆಬೆಲ್ ಆಫ್ ದ ಸ್ಯಾಂಡ್ಸ್' 2016ರಲ್ಲಿ ಬಂತು, 'ಟ್ರೇಟರ್ ಟು ದ ಥ್ರೋನ್' 2017ರಲ್ಲಿ, ಕೊನೆಯ 'ಹೀರೋ ಅಟ್ ದ ಫಾಲ್' 2018ರಲ್ಲಿ. ಇದೇ ಕ್ರಮದಲ್ಲಿ ಓದಬೇಕು. ಮೂರನೆಯದು ಎರಡನೆಯದು ನಿಂತ ಜಾಗದಿಂದಲೇ ಹೊರಡುತ್ತದೆ. ಅದರಲ್ಲಿ ನಿಮ್ಮ ಎದೆ ಹಿಂಡುವ ಜನರೆಲ್ಲ ಮೊದಲೆರಡು ಪುಸ್ತಕಗಳಲ್ಲಿ ಪರಿಚಯವಾದವರು. ಅವರ ಪರಿಚಯವೇ ಇಲ್ಲದೆ ಅವರ ಕಷ್ಟ ಓದಿದರೆ ಸುಮ್ನೆ ಹೆಸರುಗಳು ಕಣ್ಣ ಮುಂದೆ ಹಾದುಹೋಗುತ್ತವೆ, ಅಷ್ಟೆ. ಮೂರನೆಯದನ್ನು ಸ್ವಲ್ಪ ದಿನ ಎತ್ತಿಡಿ, ಮೊದಲಿನೆರಡನ್ನು ಹುಡುಕಿ ತರಿಸಿ.

ಇದು ರಾಜರ ಕತೆನಾ, ದೆವ್ವದ ಕತೆನಾ, ಕೌಬಾಯ್ ಕತೆನಾ? ಏನೂಂತ ಹೇಳಿ.

ಮೂರೂ ಹೌದು. ಮಿರಾಜಿ ಅನ್ನುವ ಕಲ್ಪನೆಯ ಮರಳುಗಾಡಿನ ದೇಶ. ಅಲ್ಲಿ ಕೋವಿ ಇದೆ, ರೈಲಿದೆ, ಮದ್ದುಗುಂಡಿನ ಕಾರ್ಖಾನೆ ಇದೆ. ಜೊತೆಗೆ ಬೆಂಕಿಯಿಂದಾದ ಜಿನ್ನಿಗಳಿದ್ದಾರೆ, ಮರಳಿನಿಂದ ಎದ್ದುಬರುವ ಬುರಾಕಿ ಅನ್ನುವ ಕುದುರೆಗಳಿವೆ, ರಾತ್ರಿ ಹೊತ್ತು ಮನುಷ್ಯರನ್ನು ಹಿಡಿಯುವ ಪಿಶಾಚಿಗಳಿವೆ. ಡಸ್ಟ್‌ವಾಕ್ ಅನ್ನುವ ಒಣಕಲು ಊರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಅಮಾನಿ ಅನ್ನುವ ಅನಾಥ ಹುಡುಗಿ ಗುರಿಕಾರ್ತಿ. ಮನೆಯವರು ಬಲವಂತದ ಮದುವೆಗೆ ತಯಾರಿ ನಡೆಸಿದಾಗ ಊರು ಬಿಡಲು ದುಡ್ಡು ಬೇಕಾಗುತ್ತದೆ. ಹುಡುಗನ ವೇಷ ಹಾಕಿಕೊಂಡು ಗುಂಡು ಹೊಡೆಯುವ ಪಂದ್ಯಕ್ಕೆ ಇಳಿಯುತ್ತಾಳೆ. ಅಲ್ಲಿಂದ ಶುರುವಾಗಿ ಸುಲ್ತಾನನ ವಿರುದ್ಧ ಎದ್ದ ದಂಗೆಯ ನಡುವೆ ಬಂದು ನಿಲ್ಲುತ್ತಾಳೆ. ಮೊದಲ ಪುಸ್ತಕ ಓಟದ ಕತೆ, ಎರಡನೆಯದು ಅರಮನೆಯ ಒಳಗಿನ ಕತೆ. ಮೂರನೆಯದು ಹೊಣೆ ಹೊರುವ ಕತೆ. ನನ್ನ ಲೆಕ್ಕದಲ್ಲಿ ಮೂರರಲ್ಲಿ ತೂಕದ್ದು ಅದೇ.

ಮಗಳಿಗೆ ಹನ್ನೆರಡು ಮುಗಿದಿದೆ. ಕೊಡಬಹುದಾ ಅಕ್ಕಾ, ಏನಾದ್ರೂ ಬೇಡದ್ದು ಇದ್ಯಾ?

ನಾನಾದರೆ ಹದಿಮೂರು, ಹದಿನಾಲ್ಕು ದಾಟಲಿ ಅನ್ನುತ್ತೇನೆ. ಪ್ರೀತಿಯ ಭಾಗ ಮಿತಿಯಲ್ಲಿದೆ, ಅದರ ಬಗ್ಗೆ ಹೆದರಬೇಕಾಗಿಲ್ಲ. ಯೋಚಿಸಬೇಕಾದ್ದು ಹಿಂಸೆಯ ವಿಷಯ. ಯುದ್ಧ, ಗಲ್ಲು, ಹೆಣ್ಣುಮಕ್ಕಳನ್ನು ಮಾರುವುದು, ಜನಾನಾದಲ್ಲಿ ಕೂಡಿಹಾಕುವುದು ಎಲ್ಲ ಬರುತ್ತದೆ. ಕೊನೆಯ ಪುಸ್ತಕದಲ್ಲಿ ಸಾವು ಜಾಸ್ತಿ. ಓದುಗರು ಇಷ್ಟಪಟ್ಟವರೂ ಸಾಯುತ್ತಾರೆ. ಮಗಳು ಓದುವ ಹೊತ್ತಿಗೆ ನೀವೂ ಒಂದು ಕಣ್ಣು ಹಾಯಿಸಿ. ಕಾಪಾಡುವುದಕ್ಕೆ ಅಂತಲ್ಲ, ಅವಳು ಊಟದ ಹೊತ್ತಿಗೆ ಮುಖ ಸಪ್ಪೆ ಮಾಡಿಕೊಂಡು ಬಂದರೆ ಯಾಕೆ ಅಂತ ನಿಮಗೆ ಗೊತ್ತಿರಬೇಕು.

ನಾನು ಹತ್ತನೇವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್ ಕಷ್ಟ ಆಗುತ್ತಾ?

ಮೊದಲ ಐವತ್ತು ಪುಟ ಕಷ್ಟ ಆಗಬಹುದು. ಆಮೇಲೆ ಓಡುತ್ತದೆ. ಕತೆಯನ್ನು ಅಮಾನಿಯೇ 'ನಾನು' ಅಂತ ಹೇಳುತ್ತಾಳೆ, ಅವಳ ಮಾತು ನೇರ. ವಾಕ್ಯಗಳು ಚಿಕ್ಕವು. ಜನರಿಗೆ ಹೆದರಿಕೆ ಹುಟ್ಟಿಸುವುದು ಇಂಗ್ಲಿಷಿಗಿಂತ ಆ ಪರಕೀಯ ಹೆಸರುಗಳು. ಅದಕ್ಕೆ ಒಂದು ಹಾಳೆ ಮಡಚಿ ಪುಸ್ತಕದಲ್ಲಿ ಇಟ್ಟುಕೊಳ್ಳಿ. ಹೊಸಬರು ಬಂದಾಗಲೆಲ್ಲ ಹೆಸರು ಬರೆದು, ಪಕ್ಕದಲ್ಲಿ 'ಸೇನಾಪತಿಯ ಮಗಳು', 'ಬಂಗಾರದ ಮೈಬಣ್ಣದವಳು', 'ಗೋಡೆ ದಾಟುವವನು' ಅಂತ ಕನ್ನಡದಲ್ಲಿ ಒಂದು ಗುರುತು ಹಾಕಿ. ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಘಂಟು ತೆಗೆಯಬೇಡಿ. ಅದೇ ಪದ ಮತ್ತೆ ಮತ್ತೆ ಅಡ್ಡ ಬಂದರೆ ಮಾತ್ರ ನೋಡಿ. ಮೂರನೇ ಪುಸ್ತಕಕ್ಕೆ ಬರುವಷ್ಟರಲ್ಲಿ ಆ ಹಾಳೆ ನಿಮಗೆ ಚಿನ್ನ ಆಗಿರುತ್ತದೆ.

ಡೆಮ್ಜಿ ಅಂದ್ರೆ ಯಾರು? ಜಿನ್ನಿಗೂ ಡೆಮ್ಜಿಗೂ ಏನು ವ್ಯತ್ಯಾಸ?

ಜಿನ್ನಿ ಅಂದರೆ ಮನುಷ್ಯರಿಗಿಂತ ಮೊದಲಿದ್ದ, ಬೆಂಕಿಯಿಂದ ಹುಟ್ಟಿದ, ಸಾವಿಲ್ಲದ ಜೀವ. ಜಿನ್ನಿ ತಂದೆಗೂ ಮನುಷ್ಯ ತಾಯಿಗೂ ಹುಟ್ಟಿದ ಮಗು ಡೆಮ್ಜಿ. ಪ್ರತಿ ಡೆಮ್ಜಿಗೂ ಒಂದೊಂದು ಶಕ್ತಿ ಇರುತ್ತದೆ, ಮೈಮೇಲೆ ತಂದೆಯ ಗುರುತು ಇರುತ್ತದೆ. ಅಮಾನಿಗೆ ನೀಲಿ ಕಣ್ಣು, ಅವಳ ಶಕ್ತಿ ಮರಳನ್ನು ಆಡಿಸುವುದು. ಡೆಲಿಲಾಗೆ ನೇರಳೆ ಕೂದಲು, ಅವಳು ಇಲ್ಲದ್ದನ್ನು ಇದ್ದಂತೆ ತೋರಿಸಬಲ್ಲಳು. ಹಾಲಾಳ ಚರ್ಮವೇ ಬಂಗಾರದ್ದು, ಅವಳು ಬೇರೆಯವರ ಬುದ್ಧಿಯನ್ನು ತಿರುಚಬಲ್ಲಳು.

ಎರಡು ಕಟ್ಟಳೆ ನೆನಪಿಡಿ. ಕಬ್ಬಿಣ ಮೈಗೆ ತಗುಲಿದರೆ ಡೆಮ್ಜಿಯ ಶಕ್ತಿ ನಿಂತುಹೋಗುತ್ತದೆ. ಡೆಮ್ಜಿಗೆ ಸುಳ್ಳು ಹೇಳಲು ಬಾಯಿಯೇ ಬರುವುದಿಲ್ಲ. ಇಡೀ ಸರಣಿಯ ಎಷ್ಟೋ ತಿರುವು ಈ ಎರಡರ ಮೇಲೆ ನಿಂತಿವೆ. ಅಂದಹಾಗೆ ಅಮಾನಿಯ ಜೊತೆಗಾರ ಜಿನ್ ಅನ್ನುವವನು ಜಿನ್ನಿ ಅಲ್ಲ, ಮನುಷ್ಯನೇ. ಈ ಗೊಂದಲ ಎಲ್ಲರಿಗೂ ಆಗುತ್ತದೆ.

ಇದರಲ್ಲಿ ಬರೋದು ಇಸ್ಲಾಂ ಧರ್ಮನಾ? ಅರಬ್ ದೇಶದ ಇತಿಹಾಸನಾ?

ಎರಡೂ ಅಲ್ಲ. ಮಿರಾಜಿಯ ದೇವರು, ಪೂಜಾರಿಗಳು, ಸೃಷ್ಟಿಯ ಕತೆ ಎಲ್ಲ ಲೇಖಕಿ ಕಟ್ಟಿದ್ದು. ಜಿನ್ನಿ, ಸುಲ್ತಾನ, ಜನಾನಾ ಅನ್ನುವ ಮಾತುಗಳು ಅರಬ್ಬೀ ಕತೆಗಳ ಲೋಕದಿಂದ ಬಂದಿವೆ, ಅದರಿಂದಾಚೆಗೆ ನಿಜವಾದ ಯಾವ ದೇಶದ ಚರಿತ್ರೆಯನ್ನೂ ಇದರಲ್ಲಿ ಹುಡುಕಬೇಡಿ. ಆ ಕಡೆಯ ಜನರ ಬಾಳು ತಿಳಿಯಬೇಕು ಅಂದರೆ ಅವರೇ ಬರೆದದ್ದನ್ನು ಓದಬೇಕು.

## ಕೊನೆಯ ಪುಸ್ತಕ ಕೈಯಲ್ಲಿ ಹಿಡಿದವರಿಗೆ

ಎರಡನೇದು ಓದಿ ಯಾವ ಕಾಲ ಆಯ್ತು. ಯಾರು ಎಲ್ಲಿದ್ದಾರೆ ಅಂತಾನೇ ಮರೆತುಹೋಗಿದೆ!

ಎರಡನೇ ಪುಸ್ತಕ ಇನ್ನೂ ಓದದವರು ಇದನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ.

ಎರಡನೇ ಪುಸ್ತಕದಲ್ಲಿ ಅಮಾನಿಯನ್ನು ಅವಳ ಸ್ವಂತ ದೊಡ್ಡಮ್ಮನೋ ಚಿಕ್ಕಮ್ಮನೋ ಆಗಬೇಕಾದವಳೇ ಮದ್ದು ಕೊಟ್ಟು ಜನಾನಾಕ್ಕೆ ಮಾರುತ್ತಾಳೆ. ಚರ್ಮದ ಕೆಳಗೆ ಕಬ್ಬಿಣದ ಚೂರು ಇಟ್ಟು ಅವಳ ಶಕ್ತಿ ಕಟ್ಟಿಹಾಕುತ್ತಾರೆ. ಸುಲ್ತಾನ ಅವಳ ಬಾಯಿಂದಲೇ ಜಿನ್ನಿಗಳನ್ನು ಕರೆಸುತ್ತಾನೆ. ಅವಳ ತಂದೆ ಬಹಾದೂರನೂ ಹಾಗೇ ಸಿಕ್ಕಿಬೀಳುತ್ತಾನೆ. ಅರಮನೆಯಲ್ಲಿ ಸ್ನೇಹಿತೆಯಂತಿದ್ದ ಸುಲ್ತಾನನ ಮಗಳು ಲೈಲಾ ಕೊನೆಗೆ ಅಪ್ಪನ ಪಕ್ಷದವಳು ಅಂತ ಗೊತ್ತಾಗುತ್ತದೆ. ಅವಳು ಕಟ್ಟಿದ ಅಬ್ದಾಲ್ ಅನ್ನುವ ಯಂತ್ರದ ಸಿಪಾಯಿಗಳು ಜಿನ್ನಿಯ ಬೆಂಕಿಯಿಂದ ಓಡುತ್ತವೆ.

ಕೊನೆಯಲ್ಲಿ ಎಲ್ಲರ ಕಣ್ಣೆದುರು ದಂಗೆಯ ರಾಜಕುಮಾರ, ಸುಲ್ತಾನನ ಮಗನೇ ಆದ ಅಹ್ಮದನ ತಲೆ ಉರುಳುತ್ತದೆ. ನಿಜವಾಗಿ ಸತ್ತವರು ಅಹ್ಮದನ ರೂಪ ತಾಳಿದ ಇಮಿನ್, ಬೇಕಾದವರ ರೂಪ ತಾಳಬಲ್ಲ ಡೆಮ್ಜಿ. ಅಹ್ಮದ್, ಡೆಲಿಲಾ, ಸೇನಾಪತಿಯ ಮಗಳು ಶಾಜಾದ್ ಮೊದಲಾದವರು ಸೆರೆಯಾಗಿದ್ದಾರೆ. ರಾಜಧಾನಿ ಇಜ್ಮಾನಿನ ಮೇಲೆ ಬೆಂಕಿಯ ಗುಮ್ಮಟ ಕವಿದಿದೆ. ಅಮಾನಿ, ಜಿನ್, ಹಾಲಾ, ಅವಳಿಗಳಾದ ಇಜ್ ಮತ್ತು ಮಾಜ್, ಗೋಡೆ ದಾಟುವ ಸ್ಯಾಮ್ ಸೆರೆ ತಪ್ಪಿಸಿಕೊಂಡು ಆ ಗುಮ್ಮಟದ ಒಳಗೇ ಉಳಿದಿದ್ದಾರೆ. ಮೂರನೆಯದು ಇಲ್ಲಿಂದ ಶುರು. ಸೆರೆಯಾದವರು ಇರುವುದು ಎರೆಮೋಟ್ ಅನ್ನುವ ಊರಲ್ಲಿ, ನಕ್ಷೆಯ ಪ್ರಕಾರ ಅಂಥ ಊರೇ ಇಲ್ಲ.

ಸಾಧ್ಯವಾದರೆ ಎರಡನೇ ಪುಸ್ತಕದ ಕೊನೆಯ ಐದಾರು ಅಧ್ಯಾಯ ಮತ್ತೊಮ್ಮೆ ಓದಿ. ಸಾರಾಂಶದಲ್ಲಿ ಘಟನೆ ಸಿಗುತ್ತದೆ, ಆ ಗಾಬರಿ ಸಿಗುವುದಿಲ್ಲ. ಮೂರನೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಅಮಾನಿ ಯಾಕೆ ಅಷ್ಟು ಸಿಡುಕುತ್ತಾಳೆ ಅಂತ ತಿಳಿಯಲು ಆ ಗಾಬರಿ ಬೇಕು.

ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತೆ. ನಿಮ್ಮ ಪುಸ್ತಕ ಹಾಳಾದ್ರೆ ಅಂತ ತಗೊಳ್ಳೋಕೆ ಭಯ.

ತಗೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ, ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬಿಳಿ ಹಿಡಿಯುತ್ತದೆ, ಪುಸ್ತಕಕ್ಕೂ ವಿನಾಯಿತಿ ಇಲ್ಲ. ಆದರೆ ಕೆಲವು ಕ್ರಮ ಇದೆ. ಹೊರಗೋಡೆಗೆ ತಾಗಿಸಿ ಪುಸ್ತಕ ಇಡಬೇಡಿ, ಆ ಗೋಡೆ ಒಳಗಿಂದಲೇ ತೇವ ಕುಡಿದಿರುತ್ತದೆ. ಕಪಾಟಿನಲ್ಲಿ ಬಿಗಿಯಾಗಿ ಒತ್ತಿ ತುಂಬಬೇಡಿ, ಗಾಳಿ ಆಡಬೇಕು. ಓದದೆ ಇಡುವುದಾದರೆ ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಹಾಕಿ, ಹೊಸ ಬ್ಯಾಗು, ಶೂಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಳಗೆ ಇಡಿ. ನುಸಿಗುಳಿಗೆ ಹುಳಕ್ಕೆ ಆಗುತ್ತದೆ, ಬೂಷ್ಟಿಗೆ ಆಗುವುದಿಲ್ಲ.

ರಟ್ಟಿನ ಮೇಲೆ ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಇನ್ನೂ ಹರಡುತ್ತದೆ. ಮೊದಲು ಗಾಳಿಗೆ ಒಣಗಲಿ. ಆಮೇಲೆ ಮನೆಯ ಹೊರಗೆ, ಜಗಲಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಆಸ್ತಮಾ ಇರುವವರು ಆ ಕೆಲಸ ಬೇರೆಯವರಿಗೆ ಬಿಡಿ. ಪುಟಗಳು ನೆನೆದಿದ್ದರೆ ನಡುನಡುವೆ ಬಿಳಿ ಕಾಗದ ಇಟ್ಟು ಫ್ಯಾನಿನ ಕೆಳಗೆ ಇಡಿ, ಕಾಗದ ತೇವ ಎಳೆದ ಹಾಗೆ ಬದಲಾಯಿಸಿ. ಒಲೆಯ ಹತ್ತಿರ ಇಟ್ಟು ಒಣಗಿಸಿದರೆ ಪುಟ ಸೊಟ್ಟ ಆಗುತ್ತದೆ, ಬೆನ್ನಿನ ಅಂಟು ಬಿಡುತ್ತದೆ.

ಗಾಳಿಮಳೆಗೆ ಕರೆಂಟು ಹೋದ್ರೆ ಎರಡು ಮೂರು ದಿನ ಬರಲ್ಲ. ಓದೋದು ಹೇಗೆ?

ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಹಗಲೇ ಓದಿ. ಕಿಟಕಿ ಪಕ್ಕ ಕೂತರೆ ಮಧ್ಯಾಹ್ನ ನಾಲ್ಕರವರೆಗೆ ಬೆಳಕು ಸಾಕಾಗುತ್ತದೆ. ಫೋನಿನಲ್ಲಿ ಓದುವವರು ಪುಸ್ತಕವನ್ನು ಮುಂಚೆಯೇ ಇಳಿಸಿಕೊಂಡಿರಿ, ಮರ ಬಿದ್ದ ಮೇಲೆ ನೆಟ್‌ವರ್ಕೂ ಇರುವುದಿಲ್ಲ. ಆದರೂ ಫೋನಿನ ಚಾರ್ಜನ್ನು ಕತೆಗೆ ಖರ್ಚು ಮಾಡಬೇಡಿ. ಮಳೆ ಜೋರಾದ ದಿನ ಅದು ಬೇರೆ ಕೆಲಸಕ್ಕೆ ಬೇಕು, ಅದರಲ್ಲೂ ಗುಡ್ಡದ ಬದಿಯ ಮನೆಗಳಲ್ಲಿ.

ನಡುನಡುವೆ ಬರೋ ಹಳೇ ಕತೆ ತರದ ಅಧ್ಯಾಯಗಳನ್ನ ಹಾರಿಸಿದೆ. ಏನಾದ್ರೂ ತಪ್ಪಿಹೋಯ್ತಾ?

ಮುಖ್ಯವಾದದ್ದೇ ತಪ್ಪಿಹೋಯಿತು. ದಯವಿಟ್ಟು ಹಿಂದೆ ಹೋಗಿ ಓದಿ.

ಕತೆ ಹೆಚ್ಚಾಗಿ ಅಮಾನಿಯ ಬಾಯಲ್ಲಿ ಬರುತ್ತದೆ ಅಲ್ವಾ? ಅಲ್ಲಲ್ಲಿ ಆ ದನಿ ನಿಂತು, ಊರಿನ ಕತೆಗಾರರು ಬೆಂಕಿಯ ಸುತ್ತ ಕೂತು ಹೇಳುವಂಥ ಬೇರೆ ದನಿ ಬರುತ್ತದೆ. 'ಒಂದಾನೊಂದು ಕಾಲದಲ್ಲಿ ಒಬ್ಬ ಹುಡುಗಿ ಇದ್ದಳು' ಅನ್ನುವ ಧಾಟಿ. ನಾವು ಇಷ್ಟು ದಿನ ಜೊತೆಯಲ್ಲಿ ನಡೆದವರ ಬಾಳನ್ನೇ ಆ ದನಿ ದಂತಕತೆಯಾಗಿ ಹೇಳುತ್ತದೆ. ಅವರು ಎಲ್ಲಿಂದ ಬಂದರು, ಯಾರು ಅವರನ್ನು ನೋಯಿಸಿದರು, ಕೊನೆಗೆ ಏನು ಆರಿಸಿಕೊಂಡರು ಅಂತ. ಓಟದ ಕತೆ ಅಂತ ಓದುವವರಿಗೆ ಇದು ಅಡ್ಡಿ ಅನ್ನಿಸುತ್ತದೆ. ಒಂದು ಗಳಿಗೆ ನಿಂತು ಓದಿದರೆ ಗೊತ್ತಾಗುತ್ತದೆ: ಯುದ್ಧದ ಗದ್ದಲದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಬಹುದಾದ ಒಂದು ಜೀವಕ್ಕೆ ಲೇಖಕಿ ಪೂರ್ತಿ ಜಾಗ ಕೊಟ್ಟಿದ್ದಾರೆ.

ಕೊಡಗಿನವರಿಗೆ ಇದು ಹೊಸದಲ್ಲ. ಇಲ್ಲಿ ದುಡಿ ಬಡಿಯುತ್ತಾ ಹಾಡುವವರು ಮದುವೆಗೂ ಹಾಡುತ್ತಾರೆ, ಹಬ್ಬಕ್ಕೂ ಹಾಡುತ್ತಾರೆ, ಸತ್ತವರ ಬಾಳನ್ನೂ ಹಾಡಿನಲ್ಲಿ ಹೇಳುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಅಂಥ ಹಾಡುಗಳನ್ನು ಊರೂರು ತಿರುಗಿ ಕೇಳಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಅಚ್ಚು ಹಾಕಿಸಿದರು. ಸಾವಿನ ಮನೆಯ ಹಾಡಿನಲ್ಲಿ ಯಾರೂ 'ಬೇಗ ಮುಗಿಸಿ' ಅನ್ನುವುದಿಲ್ಲ. ಈ ಅಧ್ಯಾಯಗಳನ್ನೂ ಅದೇ ಸಮಾಧಾನದಲ್ಲಿ ಓದಬೇಕು. ನಮ್ಮ ಬಳಗದಲ್ಲಿ ಇವನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಕಿವಿಗೆ ಬಿದ್ದಾಗ ಅವುಗಳ ಲಯವೇ ಬೇರೆ.

ಯಾರು ಸಾಯ್ತಾರೆ ಅಂತ ಮೊದಲೇ ಹೇಳಿಬಿಡಿ ಪ್ಲೀಸ್. ಟೆನ್ಷನ್ ತಡೆಯಕ್ಕಾಗ್ತಿಲ್ಲ.

ಹೇಳುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಇಷ್ಟು ಮಾತ್ರ ಹೇಳಬಲ್ಲೆ: ಸಾವು ಸುಮ್ನೆ ಕಣ್ಣೀರಿಗಾಗಿ ತುರುಕಿದ್ದಲ್ಲ. ಸತ್ತವರಲ್ಲಿ ಹೆಚ್ಚಿನವರು ತಾವಾಗಿ ಒಂದು ನಿರ್ಧಾರ ತೆಗೆದುಕೊಂಡಿರುತ್ತಾರೆ. ಗೆದ್ದರೆ ಗೆಲುವಿಗೆ ಬೆಲೆ ಇದೆ, ಆ ಬೆಲೆ ಕಟ್ಟಿದವರು ಗೆಲುವು ನೋಡಲು ಇರದೇ ಹೋಗಬಹುದು. ಕೊನೆಯ ಪುಸ್ತಕ ಇರುವುದೇ ಇದನ್ನು ಹೇಳಲು. ಮೊದಲೇ ಹೆಸರು ತಿಳಿದುಕೊಂಡರೆ ಆ ಪಾತ್ರ ಬಂದಾಗಲೆಲ್ಲ ನೀವು ಸಾವನ್ನು ಕಾಯುತ್ತಾ ಕೂರುತ್ತೀರಿ, ಅವರು ಆಡುವ ಮಾತು ಕೇಳಿಸುವುದೇ ಇಲ್ಲ.

ಅಮಾನಿ, ಜಿನ್ ಒಂದಾಗ್ತಾರಾ?

ಓದಿ ನೋಡಿ. ಆದರೆ ಈ ಪುಸ್ತಕದಲ್ಲಿ ಅವರಿಬ್ಬರ ಪ್ರೀತಿಗಿಂತ ಅವರಿಬ್ಬರ ಜಗಳ ಗಮನಿಸಿ. ಅಣ್ಣ ಅಹ್ಮದ್ ಸೆರೆಯಲ್ಲಿದ್ದಾನೆ ಅನ್ನುವ ತಳಮಳದಲ್ಲಿ ಜಿನ್ ಇದ್ದಾನೆ, ಎಲ್ಲರ ಜೀವ ತನ್ನ ಕೈಯಲ್ಲಿದೆ ಅನ್ನುವ ಭಾರದಲ್ಲಿ ಅಮಾನಿ ಇದ್ದಾಳೆ. ಪ್ರೀತಿ ಇದ್ದೂ ಒಬ್ಬರ ಆಜ್ಞೆ ಇನ್ನೊಬ್ಬರು ಪಾಲಿಸಬೇಕಾದ ಸ್ಥಿತಿ ಅದು.

## ಓದಿ ಮುಗಿಸಿದವರಿಗೆ

ನಮ್ಮ ಮನೇಲೂ ಕೋವಿ ಇದೆ, ಕೈಲ್‌ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆದಿದ್ದೀನಿ. ಅಮಾನಿ ಕೋವಿ ಬಿಟ್ಟು ಬರೀ ಮರಳನ್ನೇ ನಂಬ್ತಾಳಲ್ಲ, ಬೇಜಾರಾಯ್ತು.

ಈ ಪ್ರಶ್ನೆ ಕೇಳಿದ ಹುಡುಗಿಯ ಮೇಲೆ ನನಗೆ ತುಂಬಾ ಪ್ರೀತಿ ಬಂತು. ಬೇರೆ ಕಡೆಯ ಓದುಗರಿಗೆ ಕೋವಿ ಹಿಡಿದ ಹುಡುಗಿಯೇ ಒಂದು ಅಚ್ಚರಿ. ಇಲ್ಲಿ ಕೈಲ್‌ಪೊಳ್ದ್ ಅನ್ನುವ ಆಯುಧದ ಹಬ್ಬದಲ್ಲಿ, ಸೆಪ್ಟೆಂಬರ್ 3ರಂದು, ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು, ತೋಕ್‌ ಪೂ ಅನ್ನುವ ಹೂವಿಟ್ಟು ಪೂಜೆ ಮಾಡುವ ಮನೆಗಳಲ್ಲಿ ಬೆಳೆದವರಿಗೆ ಅದು ಅಚ್ಚರಿಯೇ ಅಲ್ಲ. ಮರದ ತುದಿಗೆ ಕಟ್ಟಿದ ಕಾಯಿಗೆ ಗುರಿ ಇಡುವಾಗ ಉಸಿರು ಬಿಗಿ ಹಿಡಿಯುವುದು, ಕೋವಿಯ ಹಿಡಿ ಭುಜಕ್ಕೆ ಒದೆಯುವುದು, ಕಾಯಿ ಚೂರಾದಾಗ ಸುತ್ತಲಿನವರು ಕೂಗುವುದು ಎಲ್ಲ ಮೈಗೆ ಗೊತ್ತಿರುತ್ತದೆ. ಮೊದಲ ಪುಸ್ತಕದ ಪಂದ್ಯದ ದೃಶ್ಯವನ್ನು ಇಲ್ಲಿನ ಮಕ್ಕಳು ಓದುವಷ್ಟು ಚೆನ್ನಾಗಿ ಯಾರೂ ಓದುವುದಿಲ್ಲ ಅಂತ ನನ್ನ ನಂಬಿಕೆ.

ಆದರೆ ಅಮಾನಿ ಕೋವಿ ಬಿಟ್ಟಿಲ್ಲ. ಮೂರನೇ ಪುಸ್ತಕದಲ್ಲೂ ಅದು ಅವಳ ಸೊಂಟದಲ್ಲಿದೆ. ವ್ಯತ್ಯಾಸ ಏನೆಂದರೆ, ಗುರಿ ಅವಳು ಕಲಿತದ್ದು, ಮರಳು ಅವಳಿಗೆ ಹುಟ್ಟಿನಿಂದ ಬಂದದ್ದು. ಕಲಿತ ವಿದ್ಯೆಯಿಂದ ಅವಳು ತನ್ನನ್ನು ಒಬ್ಬಳನ್ನು ಉಳಿಸಿಕೊಂಡು ಊರು ಬಿಟ್ಟಳು. ಈಗ ಉಳಿಸಬೇಕಾದವರು ತುಂಬ ಜನ, ಒಂದು ಕೋವಿಯ ಗುಂಡು ಅಷ್ಟು ದೂರ ಹೋಗುವುದಿಲ್ಲ.

ಸುಲ್ತಾನ ಹೇಳೋದ್ರಲ್ಲಿ ತಪ್ಪೇನಿದೆ? ಗಟ್ಟಿ ಆಳು ಇಲ್ದಿದ್ರೆ ದೇಶ ಹೊರಗಿನವರ ಪಾಲಾಗಲ್ವಾ?

ಸರಣಿಯ ಅತಿ ಒಳ್ಳೆಯ ಪ್ರಶ್ನೆ ಇದು. ಸುಲ್ತಾನ ಹಲ್ಲು ಕಡಿಯುವ ಖಳ ಅಲ್ಲ. ಎರಡನೇ ಪುಸ್ತಕದಲ್ಲಿ ಅವನು ಅಮಾನಿಯ ಜೊತೆ ಕೂತು ಮಾತಾಡುವಾಗ ನಾವೂ ತಲೆ ಆಡಿಸುತ್ತೇವೆ. ಆದರೆ ಅವನ ಕತೆಯ ಬುಡ ನೋಡಿ. ತಂದೆಯನ್ನೂ ಒಡಹುಟ್ಟಿದವನನ್ನೂ ಕೊಂದು, ಗ್ಯಾಲನ್ ಅನ್ನುವ ಪರದೇಶಿಗಳ ಸೈನ್ಯದ ಬೆಂಬಲ ಪಡೆದು ಅವನು ಪಟ್ಟಕ್ಕೆ ಬಂದದ್ದು. ಹೊರಗಿನವರನ್ನು ಒಳಗೆ ಕರೆದವನೇ ಅವನು. ಈಗ ಅವರನ್ನು ಓಡಿಸಲು ತನ್ನ ಜನರನ್ನು, ಜಿನ್ನಿಗಳನ್ನು, ಕೊನೆಗೆ ಮಕ್ಕಳನ್ನೂ ಉರುವಲು ಮಾಡಿಕೊಳ್ಳುತ್ತಾನೆ.

ಕೊಡಗಿನ ಚರಿತ್ರೆ ಗೊತ್ತಿದ್ದವರಿಗೆ ಇಲ್ಲಿ ಎದೆಯಲ್ಲಿ ಏನೋ ಅಲ್ಲಾಡಬೇಕು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ತಮ್ಮದಾಗಿಸಿಕೊಂಡರು. ರಾಜನ ಕ್ರೌರ್ಯವೇ ಅವರಿಗೆ ಸಿಕ್ಕಿದ ನೆಪ. ದೊರೆ ಬೇಡವಾದಾಗ ಪರದೇಶಿ ಬಂದರೆ ಒಳ್ಳೆಯದಾಗುತ್ತದೆ ಅಂದುಕೊಂಡವರೂ ಇದ್ದರು. ಮೂರೇ ವರ್ಷಕ್ಕೆ, 1837ರಲ್ಲಿ, ಸುಳ್ಯ, ಕೊಡಗಿನ ಕಡೆಯ ರೈತರು ದಂಗೆ ಎದ್ದು ಮಂಗಳೂರಿನವರೆಗೆ ನಡೆದರು. ಅವರ ಮುಂದೆ ಇದ್ದದ್ದು ಕಲ್ಯಾಣಸ್ವಾಮಿ ಅನ್ನುವ ರಾಜಮನೆತನದ ಹೆಸರು. ಆ ಹೆಸರು ಹೊತ್ತು ನಿಂತವನು ಪುಟ್ಟಬಸಪ್ಪ. ಅವನನ್ನು ಗಲ್ಲಿಗೇರಿಸಿದರು. ದಂಗೆಯ ಇನ್ನೊಬ್ಬ ಮುಖಂಡ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಅವರ ಪ್ರತಿಮೆಯ ಮುಂದೆ ನಾವೆಲ್ಲ ದಿನಾ ಓಡಾಡುತ್ತೇವೆ.

ಈಗ ಇಮಿನ್‌ನ ಸಾವನ್ನು ಮತ್ತೆ ನೆನಪು ಮಾಡಿಕೊಳ್ಳಿ. ರಾಜಕುಮಾರನ ರೂಪ ಹೊತ್ತು ಇನ್ನೊಬ್ಬರು ಪ್ರಾಣ ಕೊಟ್ಟರು. ಜನ ಸೇರುವುದು ಹೆಸರಿನ ಸುತ್ತ, ಸಾಯುವವರು ಆ ಹೆಸರು ಹೊತ್ತವರು. ಹಾಗಾದರೆ ಅಹ್ಮದ್ ಬಂದು ಪಟ್ಟದಲ್ಲಿ ಕೂತರೆ ಮುಗಿಯಿತಾ? ಒಬ್ಬ ಸುಲ್ತಾನನ ಜಾಗಕ್ಕೆ ಇನ್ನೊಬ್ಬ ಬಂದ ಹಾಗಾಗುವುದಿಲ್ವಾ? ಕೊನೆಯ ಪುಸ್ತಕ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಿಲ್ಲ, ಅದು ನನಗೆ ಇಷ್ಟವಾಯಿತು. ಆದರೆ ಉತ್ತರ ಕೊಡುವ ಪುಟಗಳು ಕಮ್ಮಿ. ಯುದ್ಧಕ್ಕೆ ಕೊಟ್ಟ ಜಾಗದಲ್ಲಿ ಅರ್ಧವನ್ನಾದರೂ ಯುದ್ಧದ ಮಾರನೇ ದಿನಕ್ಕೆ ಕೊಡಬೇಕಿತ್ತು.

ಸುಳ್ಳು ಹೇಳಕ್ಕಾಗದವಳು ಕತೆ ಹೇಳ್ತಾಳೆ ಅಂದ್ಮೇಲೆ ಅವಳು ಹೇಳಿದ್ದೆಲ್ಲ ನಿಜನೇ ಅಲ್ವಾ?

ನಿಜ, ಆದರೆ ಪೂರ್ತಿ ಅಲ್ಲ. ಅಮಾನಿ ಸುಳ್ಳು ಹೇಳಲಾರಳು, ಆದರೆ ಮಾತು ತಿರುಗಿಸಬಲ್ಲಳು. ಕೇಳಿದ ಪ್ರಶ್ನೆಗೆ ಪ್ರಶ್ನೆ ಹಾಕುತ್ತಾಳೆ, ಅರ್ಧ ಹೇಳಿ ಬಿಡುತ್ತಾಳೆ, ಕೇಳಿದವರು ತಪ್ಪು ತಿಳಿದುಕೊಳ್ಳಲಿ ಅಂತ ಪದ ಜೋಡಿಸುತ್ತಾಳೆ. ಸುಲ್ತಾನನ ಮುಂದೆ ಅವಳು ಹೀಗೆ ಮಾತಾಡುವ ದೃಶ್ಯಗಳಲ್ಲಿ ಪ್ರತಿ ವಾಕ್ಯವನ್ನೂ ಎರಡು ಸಲ ಓದಿ.

ಇನ್ನೊಂದು ಸೂಕ್ಷ್ಮ ಇದೆ. ಬಾಯಿಂದ ಬಂದರೆ ನಿಜ, ಬರದಿದ್ದರೆ ಸುಳ್ಳು. ಅಂದರೆ ಡೆಮ್ಜಿಗೆ ತನ್ನ ನಾಲಿಗೆಯೇ ಪರೀಕ್ಷೆ. ಜೊತೆಗಾರರಿಗೆ ಧೈರ್ಯ ಹೇಳಬೇಕಾದ ಹೊತ್ತಲ್ಲಿ 'ಏನೂ ಆಗಲ್ಲ, ಎಲ್ಲರೂ ಬದುಕುತ್ತೀವಿ' ಅನ್ನಲು ಅವಳಿಗೆ ಧೈರ್ಯ ಇಲ್ಲ. ಆ ಮಾತು ಗಂಟಲಲ್ಲೇ ನಿಂತುಬಿಟ್ಟರೆ? ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದಾಗ ನಾವೆಲ್ಲ ಹೇಳುವ ಸಣ್ಣ ಸುಳ್ಳು ಇದೆಯಲ್ಲ, ಅದು ಕೂಡ ಅವಳಿಗಿಲ್ಲ. ಒಬ್ಬ ನಾಯಕಿಯಿಂದ ಅದನ್ನೇ ಕಿತ್ತುಕೊಂಡು ಅವಳ ಕೈಗೆ ಸೈನ್ಯ ಕೊಟ್ಟಿದ್ದಾರೆ ಲೇಖಕಿ. ಸರಣಿಯಲ್ಲಿ ನಾನು ಅತಿಯಾಗಿ ಮೆಚ್ಚಿದ್ದು ಇದನ್ನೇ.

ಲೇಖಕಿ ಆ ಕಡೆಯವರಲ್ಲ ಅಂತೆ. ಹೊರಗಿನವರು ಬರೆದ ಮರುಭೂಮಿನ ನಂಬೋದು ಹೇಗೆ ಸರಿ?

ಹೌದು, ಹ್ಯಾಮಿಲ್ಟನ್ ಹುಟ್ಟಿದ್ದು ಕೆನಡಾದಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ, ಓದಿದ್ದು ಇಂಗ್ಲೆಂಡಿನಲ್ಲಿ. ಕೊಡಗಿನವರು ಈ ಪ್ರಶ್ನೆ ಕೇಳುವುದು ಸಹಜ. ನಮ್ಮ ಜಿಲ್ಲೆಯನ್ನು 'ಭಾರತದ ಸ್ಕಾಟ್‌ಲೆಂಡ್' ಅಂತ ಕರೆದು, ಮಂಜು, ಕಾಫಿ, ವೀರ ಸೈನಿಕ ಅನ್ನುವ ಮೂರು ಚಿತ್ರದಲ್ಲಿ ಮುಗಿಸುವುದನ್ನು ನಾವು ಕಂಡಿದ್ದೇವೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇರುವವರು, ಬುಡಕಟ್ಟಿನ ಯರವರು, ಕುರುಬರು, ಕುಸಿದ ಗುಡ್ಡದ ಕೆಳಗೆ ಮನೆ ಕಳೆದುಕೊಂಡವರು ಆ ಚಿತ್ರದಲ್ಲಿ ಇರುವುದಿಲ್ಲ.

ಇದೇ ಕಣ್ಣಿನಿಂದ ಮಿರಾಜಿಯನ್ನು ನೋಡಿ. ಜನಾನಾದ ಭಾಗದಲ್ಲಿ ಒಳಸಂಚು ಮಾಡುವ ಸುಂದರಿಯರು, ಅವರ ಹೊಟ್ಟೆಕಿಚ್ಚು ಇವೆಲ್ಲ ಎಷ್ಟೋ ಪುಸ್ತಕಗಳಲ್ಲಿ ಬಂದು ಸವೆದ ಚಿತ್ರಗಳು. ಅಲ್ಲಿ ನನಗೆ ಸಮಾಧಾನ ಆಗಲಿಲ್ಲ. ಆದರೆ ಡಸ್ಟ್‌ವಾಕ್ ಬೇರೆ. ಕಾರ್ಖಾನೆಯನ್ನೇ ನಂಬಿಕೊಂಡ ಊರು, ಬಾವಿಯ ನೀರಿನ ಚಿಂತೆ, ಹೊರಗೆ ಹೋಗಲು ದಾರಿ ಇಲ್ಲದೆ ಒಬ್ಬರನ್ನೊಬ್ಬರು ಕಚ್ಚಾಡುವ ಜನ, ಇದನ್ನೆಲ್ಲ ಬರೆದ ಕೈ ಬಡತನವನ್ನು ಬಲ್ಲದ್ದು ಅನ್ನಿಸುತ್ತದೆ. ಪುಸ್ತಕ ಬಿಡಬೇಡಿ, ಪ್ರಶ್ನೆಯನ್ನೂ ಬಿಡಬೇಡಿ.

ನಮ್ಮ ಶಾಲೆಯ ಮಕ್ಕಳ ಜೊತೆ ಚರ್ಚೆ ಮಾಡಬೇಕು. ಎಲ್ಲಿ ನಿಲ್ಲಿಸಿ ಮಾತಾಡಿಸಲಿ?

ಅಧ್ಯಾಯ ಎಣಿಸಿ ಭಾಗ ಮಾಡಬೇಡಿ. ಇಜ್ಮಾನಿನ ಗುಮ್ಮಟದಿಂದ ಹೊರಗೆ ಬರುವವರೆಗೆ ಒಂದು ಕೂಟ. ಎರೆಮೋಟ್ ತಲುಪುವವರೆಗೆ ಇನ್ನೊಂದು. ಅಲ್ಲಿಂದ ಕೊನೆಯವರೆಗೆ ಮೂರನೆಯದು. ಮಕ್ಕಳಿಗೆ 'ನಿಮಗೆ ಯಾರು ಇಷ್ಟ' ಅಂತ ಕೇಳಿದರೆ ಒಂದೇ ಮಾತಿನ ಉತ್ತರ ಬರುತ್ತದೆ. 'ಅಮಾನಿಯ ಜಾಗದಲ್ಲಿ ನೀವಿದ್ದರೆ ಯಾರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಿರಿ, ಯಾರನ್ನು ಬಿಟ್ಟು ಹೋಗುತ್ತಿದ್ದಿರಿ' ಅಂತ ಕೇಳಿ ನೋಡಿ. ಬೆಲ್ ಹೊಡೆದರೂ ಏಳುವುದಿಲ್ಲ. ಪರೀಕ್ಷೆಯ ತಿಂಗಳು ಮತ್ತು ಕಾಫಿ ಕೊಯ್ಲಿನ ತಿಂಗಳು ಬಿಟ್ಟು ಬೇರೆ ಹೊತ್ತು ಆರಿಸಿಕೊಳ್ಳಿ. ಕೊಯ್ಲಿನಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೆಲಸ ಇರುತ್ತದೆ, ಅವರೇ ತಪ್ಪಿಹೋಗುತ್ತಾರೆ.

ಮುಗೀತು. ಈಗ ಏನೂ ಓದಕ್ಕೆ ಮನಸ್ಸಾಗ್ತಿಲ್ಲ. ಮುಂದೆ ಏನು ಓದಲಿ?

ಮೊದಲು ಸ್ವಲ್ಪ ದಿನ ಏನೂ ಓದಬೇಡಿ. ಆಮೇಲೆ ಇನ್ನೊಂದು ಮರಳುಗಾಡು ಹುಡುಕುವ ಬದಲು ಇಲ್ಲಿಯದನ್ನೇ ಓದಿ ಅಂತ ನನ್ನ ಸಲಹೆ. ಪಟ್ಟ, ಕ್ರೌರ್ಯ, ಹೊರಗಿನವರ ಕೈ, ಇವೆಲ್ಲ ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಎತ್ತಿಕೊಳ್ಳಿ. 1956ರಲ್ಲಿ ಬಂದ ಕಾದಂಬರಿ. ಮಾಸ್ತಿಯವರಿಗೆ ಬಂದ 1983ರ ಜ್ಞಾನಪೀಠದ ಜೊತೆ ಸೇರಿಕೊಂಡ ಹೆಸರು ಅದು. ಅದರಲ್ಲಿ ನಡೆಯುವುದೆಲ್ಲ ನಿಮಗೆ ಗೊತ್ತಿರುವ ರಸ್ತೆಗಳಲ್ಲಿ, ಮಡಿಕೇರಿಯ ಕೋಟೆಯಲ್ಲಿ. ಮನೆಯವರು ಗೆರೆ ಎಳೆದ ಬಾಳಿನಿಂದ ಹೊರಗೆ ಬರಲು ಒದ್ದಾಡುವ ಹೆಣ್ಣುಮಕ್ಕಳ ಕತೆ ಬೇಕಾದರೆ ಕೊಡಗಿನ ಗೌರಮ್ಮನವರ ಸಣ್ಣಕತೆಗಳನ್ನು ಓದಿ. ಅವರು 1939ರಲ್ಲಿ, ಇನ್ನೂ ಇಪ್ಪತ್ತೇಳರ ಆಸುಪಾಸಿನಲ್ಲೇ, ನೀರುಪಾಲಾದರು. ಬರೆದದ್ದು ಕಡಿಮೆ, ಒಂದು ವಾರದಲ್ಲಿ ಓದಿ ಮುಗಿಸಬಹುದು. ಎರಡೂ ನಮ್ಮ ಕಪಾಟಿನಲ್ಲಿವೆ, ಮೂರನೇ ಪುಸ್ತಕ ವಾಪಸ್ ತರುವಾಗ ಕೇಳಿ ತಗೊಂಡು ಹೋಗಿ.